ಜುಗುಪ್ಸೆಯಿಂದ ಹುಟ್ಟುವ ಭಯ

ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಂಟು ರಸಗಳನ್ನು ಹೇಳಿ, ಅವುಗಳಲ್ಲಿ ನಾಲ್ಕನ್ನು ಮೂಲವೆಂದೂ ಉಳಿದ ನಾಲ್ಕನ್ನು ಅವುಗಳಿಂದ ಹುಟ್ಟಿದವೆಂದೂ ವಿಂಗಡಿಸುತ್ತಾನೆ. ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ. ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಈ ಭಾಗವನ್ನು ಪಾಠ ಮಾಡುತ್ತ ಬಂದಿದ್ದೇನೆ. ಮೊದಲ ಮೂರು ಜೋಡಿಗಳನ್ನು ವಿದ್ಯಾರ್ಥಿಗಳು ಸುಲಭವಾಗಿ ಒಪ್ಪುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ಯಾರಾದರೊಬ್ಬರು ಎದ್ದು ನಿಂತು, ಹೇಸಿಗೆಗೂ ಹೆದರಿಕೆಗೂ ಏನು ಸಂಬಂಧವೆಂದು ಕೇಳುತ್ತಾರೆ. ಸ್ಮಶಾನದ ಉದಾಹರಣೆ ಕೊಟ್ಟು ಮುಂದುವರಿಯುವುದು ವಾಡಿಕೆ: ರಕ್ತಮಾಂಸಗಳನ್ನು ಕಂಡರೆ ಮೊದಲು ಹೇಸಿಗೆ, ಆಮೇಲೆ ಹೆದರಿಕೆ. ಆ ಉತ್ತರ ಸರಿಯಾದುದೇ. ಆದರೆ ಭರತನ ಆ ಮಾತಿಗೆ ಸ್ಮಶಾನವನ್ನು ದಾಟಿ ಮನೆಯೊಳಕ್ಕೆ ಬರುವ ಇನ್ನೊಂದು ಅರ್ಥವಿದೆಯೆಂದು ನನಗೆ ಹೊಳೆದದ್ದು, ಈಚಿನ ಒಂದು ಅಮೆರಿಕನ್ ಭಯಾನಕ ಕಾದಂಬರಿಯನ್ನು ಓದಿದಾಗ.

ಅದು ಚಕ್ ಟಿಂಗಲ್ ಎಂಬ ಹೆಸರಿನಲ್ಲಿ ಬರೆಯುವ ಲೇಖಕರ 'ಕ್ಯಾಂಪ್ ಡಮಾಸ್ಕಸ್'. 2023ರಲ್ಲಿ ಪ್ರಕಟವಾಯಿತು. ಲೇಖಕರು ತಮ್ಮ ನಿಜನಾಮವನ್ನು ಪ್ರಕಟಿಸಿಲ್ಲ; ಸಭೆಗಳಿಗೆ ಮುಖ ಮುಚ್ಚಿಕೊಂಡೇ ಬರುತ್ತಾರೆ. ಸಲಿಂಗಾನುರಾಗಿಗಳ ಬಾಳನ್ನು ಕೇಂದ್ರದಲ್ಲಿಟ್ಟು ಬರೆಯುವ 'ಕ್ವಿಯರ್' ಭಯಾನಕ ಕಥನವೆಂಬ ಪ್ರಕಾರವೊಂದು ಇಂಗ್ಲಿಷಿನಲ್ಲಿ ಈಗ ಚೆನ್ನಾಗಿ ಬೆಳೆದಿದೆ. ಈ ಕಾದಂಬರಿ ಆ ಪ್ರಕಾರಕ್ಕೆ ಸೇರಿದ್ದು. ಕಥೆ ನಡೆಯುವುದು ಒಂದೇ ಚರ್ಚಿನ ನೆರಳಿನಲ್ಲಿ ಬದುಕುವ, ಹೊರಗಿನ ಗಾಳಿ ಹೆಚ್ಚು ಸುಳಿಯದ ಒಂದು ಚಿಕ್ಕ ಊರಿನಲ್ಲಿ. ಹಳಗನ್ನಡ ಕಾವ್ಯದ ಅಧ್ಯಾಪಕರಿಗೆ ಇದೆಲ್ಲ ಏಕೆ ಎಂದು ಓದುಗರು ಕೇಳಬಹುದು. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಈ ಕಥನಕ್ಕಿರುವ ವಂಶಾವಳಿಯನ್ನು ನೋಡೋಣ.

ಚಿಕ್ಕ ಊರು, ಗಟ್ಟಿಯಾದ ಧರ್ಮಶ್ರದ್ಧೆ, ಇವೆರಡರ ನಡುವೆ ಬೆಳೆಯುವ ಭಯ: ಇದು ಅಮೆರಿಕದ ಸಾಹಿತ್ಯಕ್ಕೆ ಹೊಸದಲ್ಲ. 1692ರಲ್ಲಿ ಮೆಸಾಚುಸೆಟ್ಸ್ ಪ್ರಾಂತ್ಯದ ಸೇಲಂನಲ್ಲಿ ಮಾಟಗಾತಿಯರ ವಿಚಾರಣೆ ಆರಂಭವಾಯಿತು. ಹತ್ತೊಂಬತ್ತು ಮಂದಿಯನ್ನು ನೇಣಿಗೇರಿಸಲಾಯಿತು. ತಪ್ಪಿತಸ್ಥನೋ ನಿರ್ದೋಷಿಯೋ ಎಂದು ಹೇಳಲು ಒಪ್ಪದ ಒಬ್ಬ ಮುದುಕನ ಮೈಮೇಲೆ ಕಲ್ಲು ಹೇರಿ ಕೊಲ್ಲಲಾಯಿತು. ಅಲ್ಲಿ ನ್ಯಾಯ ಹೇಳಿದವರಲ್ಲಿ ಒಬ್ಬನಾದ ಜಾನ್ ಹಾಥಾರ್ನ್‌ನ ವಂಶದಲ್ಲಿಯೇ ಕಥೆಗಾರ ನಥಾನಿಯಲ್ ಹಾಥಾರ್ನ್ ಹುಟ್ಟಿದ. 1835ರಲ್ಲಿ ಅವನು ಬರೆದ 'ಯಂಗ್ ಗುಡ್‌ಮನ್ ಬ್ರೌನ್' ಕಥೆಯಲ್ಲಿ ನವವಿವಾಹಿತನೊಬ್ಬ ರಾತ್ರಿ ಕಾಡಿಗೆ ಹೋಗಿ, ತನ್ನೂರಿನ ಸಜ್ಜನರೆಲ್ಲ ಸೈತಾನನ ಸಭೆಯಲ್ಲಿ ನೆರೆದಿರುವುದನ್ನು ಕಾಣುತ್ತಾನೆ. ಕಂಡದ್ದು ಕನಸೋ ನಿಜವೋ ತಿಳಿಯದೆ ಬಾಳೆಲ್ಲ ಅನುಮಾನದಲ್ಲಿ ಬೇಯುತ್ತಾನೆ. 1948ರಲ್ಲಿ ಶರ್ಲಿ ಜಾಕ್ಸನ್ ಬರೆದ 'ದಿ ಲಾಟರಿ'ಯಲ್ಲಿ ದೆವ್ವವೂ ಇಲ್ಲ, ಸೈತಾನನೂ ಇಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಊರವರು ಚೀಟಿ ಎತ್ತುತ್ತಾರೆ. ಚೀಟಿ ಬಿದ್ದವಳ ಮೇಲೆ ಅವಳ ನೆರೆಹೊರೆಯವರೇ ಕಲ್ಲು ಎಸೆಯುತ್ತಾರೆ. ಹಾಥಾರ್ನ್‌ನಲ್ಲಿ ಭಯ ಕಾಡಿನೊಳಗಿತ್ತು. ಜಾಕ್ಸನ್‌ರಲ್ಲಿ ಅದು ಊರ ನಡುವಿನ ಬಯಲಿಗೆ ಬಂದಿತು.

ಇದರ ಪಕ್ಕದಲ್ಲಿಯೇ ಹರಿದುಬಂದ ಇನ್ನೊಂದು ಧಾರೆಯಿದೆ. ಐರ್ಲೆಂಡಿನ ಶೆರಿಡನ್ ಲೆ ಫಾನು 1872ರಲ್ಲಿ ಪುಸ್ತಕರೂಪದಲ್ಲಿ ತಂದ 'ಕಾರ್ಮಿಲ್ಲಾ' ರಕ್ತಪಿಶಾಚಿಯ ಕಥೆಗಳಲ್ಲಿ ಪ್ರಸಿದ್ಧವಾದದ್ದು. ಬ್ರಾಮ್ ಸ್ಟೋಕರನ 'ಡ್ರಾಕುಲಾ'ಕ್ಕಿಂತ ಇಪ್ಪತ್ತೈದು ವರ್ಷ ಹಿರಿಯದು. ಸ್ಟಿರಿಯಾದ ನಿರ್ಜನ ಪ್ರದೇಶದ ಕೋಟೆಯೊಂದರಲ್ಲಿ ತಂದೆಯೊಡನೆ ವಾಸಿಸುವ ಲಾರಾಳ ಬಳಿಗೆ ಕಾರ್ಮಿಲ್ಲಾ ಎಂಬ ತರುಣಿ ಅತಿಥಿಯಾಗಿ ಬರುತ್ತಾಳೆ. ಅವಳ ಪ್ರೀತಿಯಲ್ಲಿ ಲಾರಾಗೆ ಸೆಳೆತವೂ ಉಂಟು, ಹೇವರಿಕೆಯೂ ಉಂಟು. ಕೊನೆಯಲ್ಲಿ ಹಿರಿಯ ಗಂಡಸರು ಕೂಡಿ ಸಮಾಧಿಯನ್ನು ತೆರೆದು ಕಾರ್ಮಿಲ್ಲಾಳನ್ನು ವಿಧಿವತ್ತಾಗಿ ನಾಶಮಾಡುತ್ತಾರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣು ಇಲ್ಲಿ ಪಿಶಾಚಿ. ಅವಳನ್ನು ಕೊಂದ ಮೇಲೆ ಮನೆ ಸ್ವಸ್ಥ. ಮುಂದಿನ ಎಷ್ಟೋ ಕಥೆಗಳಲ್ಲಿ ಮತ್ತು ಚಲನಚಿತ್ರಗಳಲ್ಲಿ ಈ ವಿನ್ಯಾಸವೇ ಮುಂದುವರಿಯಿತು. ಆದರೆ ಲೆ ಫಾನು ದೊಡ್ಡ ಲೇಖಕ. ಎಲ್ಲ ಮುಗಿದು ವರ್ಷಗಳು ಕಳೆದ ಮೇಲೆಯೂ ಲಾರಾಗೆ ಒಮ್ಮೊಮ್ಮೆ ಬಾಗಿಲ ಬಳಿ ಕಾರ್ಮಿಲ್ಲಾಳ ಹೆಜ್ಜೆಯ ಸಪ್ಪಳ ಕೇಳಿದಂತಾಗುತ್ತದೆ ಎಂದು ಅವನು ಕಥೆಯನ್ನು ಮುಗಿಸುತ್ತಾನೆ. ಅದು ಭಯವೋ ಹಂಬಲವೋ ಎಂಬುದನ್ನು ಬಿಡಿಸಿ ಹೇಳುವುದಿಲ್ಲ.

'ಕ್ಯಾಂಪ್ ಡಮಾಸ್ಕಸ್' ಈ ಎರಡು ಧಾರೆಗಳನ್ನು ಕೂಡಿಸಿ ವಿನ್ಯಾಸವನ್ನು ತಿರುವುಮುರುವು ಮಾಡುತ್ತದೆ. ಮೊಂಟಾನಾದ ನೆವರ್ಟನ್ ಎಂಬ ಕಲ್ಪಿತ ಊರು. ಅಲ್ಲಿ 'ಕಿಂಗ್‌ಡಮ್ ಆಫ್ ದ ಪೈನ್' ಎಂಬ ಪಂಥದ ಪ್ರಾಬಲ್ಯ. ಆ ಪಂಥ ನಡೆಸುವ ಶಿಬಿರಕ್ಕೆ ಸಲಿಂಗಾನುರಾಗಿಗಳಾದ ಮಕ್ಕಳನ್ನು ಕಳುಹಿಸಿದರೆ ನೂರಕ್ಕೆ ನೂರರಷ್ಟು ಗುಣವಾಗಿ ಮರಳುತ್ತಾರೆಂಬ ಖ್ಯಾತಿ. ಕಥಾನಾಯಕಿ ರೋಸ್ ಡಾರ್ಲಿಂಗ್ ಇಪ್ಪತ್ತು ವರ್ಷದವಳು. ಶ್ರದ್ಧಾವಂತೆ, ಬುದ್ಧಿವಂತೆ, ಎಲ್ಲವನ್ನೂ ತರ್ಕದಿಂದ ಅಳೆದು ನೋಡುವ ಆಟಿಸಂ ಸ್ವಭಾವದವಳು. ತಾನು ಆ ಶಿಬಿರಕ್ಕೆ ಎಂದೂ ಹೋದವಳಲ್ಲ ಎಂದೇ ಅವಳು ನಂಬಿದ್ದಾಳೆ. ಹೀಗಿರುವಾಗ ಕೆಂಪು ಅಂಗಿ ತೊಟ್ಟು ಎದೆಗೆ ಹೆಸರಿನ ಚೀಟಿ ಅಂಟಿಸಿಕೊಂಡ, ಬಿಳಿಚಿದ ಮುಖದ ಒಂದು ಆಕೃತಿ ಅವಳಿಗೆ ಕಾಣಿಸತೊಡಗುತ್ತದೆ. ತಂದೆತಾಯಿಯರ ಜೊತೆ ಊಟಕ್ಕೆ ಕುಳಿತಾಗ ಅವಳು ವಾಂತಿ ಮಾಡಿಕೊಳ್ಳುತ್ತಾಳೆ; ಬಾಯಿಂದ ಮೇಫ್ಲೈ ಎಂಬ ರೆಕ್ಕೆಯ ಹುಳುಗಳು ಬೀಳುತ್ತವೆ. ನೀರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಗಂಟೆಗಳ ಅಥವಾ ಒಂದೆರಡು ದಿನಗಳ ಲೆಕ್ಕದಲ್ಲಿ ಬದುಕುವ ಕೀಟ ಅದು.

ಮುಂದೆ ತಿಳಿಯುವುದಿಷ್ಟು: ರೋಸ್ ಶಿಬಿರಕ್ಕೆ ಹೋಗಿಬಂದವಳೇ. ವಿಲ್ಲೋ ಎಂಬ ಹುಡುಗಿಯನ್ನು ಅವಳು ಪ್ರೀತಿಸಿದ್ದಳು. ಆ ಪ್ರೀತಿಯ ನೆನಪನ್ನೂ ಶಿಬಿರದ ನೆನಪನ್ನೂ ಅವಳಿಂದ ಅಳಿಸಿಹಾಕಲಾಗಿದೆ. ಅಷ್ಟೇ ಅಲ್ಲ, ಶಿಬಿರದವರು ನರಕದಿಂದ ದೆವ್ವಗಳನ್ನು ಕರೆಸಿ ಒಬ್ಬೊಬ್ಬರಿಗೆ ಒಂದೊಂದನ್ನು ಗಂಟುಹಾಕಿ ಕಳುಹಿಸುತ್ತಾರೆ. ಹೆಣ್ಣಿನ ಮೇಲೆ ಮನಸ್ಸು ಹೊರಳಿದ ಕ್ಷಣದಲ್ಲಿ ಆ ದೆವ್ವ ಎದುರಿಗೆ ಬಂದು ನಿಲ್ಲುತ್ತದೆ. ಗುಣವಾಗುವುದೆಂದರೆ ಇಷ್ಟೇ: ಪ್ರೀತಿ ಹೋಗುವುದಿಲ್ಲ, ಪ್ರೀತಿಸುವುದಕ್ಕೆ ಹೆದರಿಕೆಯಾಗುತ್ತದೆ. 'ಕಾರ್ಮಿಲ್ಲಾ'ದಲ್ಲಿ ಬಯಕೆಯೇ ಪಿಶಾಚಿಯಾಗಿತ್ತು. ಇಲ್ಲಿ ಬಯಕೆಯ ಕಾವಲಿಗೆ ಪಿಶಾಚಿಯನ್ನು ನೇಮಿಸಿದವರು ಧರ್ಮಾಧಿಕಾರಿಗಳು. ಭರತನ ಸೂತ್ರ ನನಗೆ ತೆರೆದುಕೊಂಡದ್ದು ಈ ಜಾಗದಲ್ಲಿ. ಮಗುವಿಗೆ ತನ್ನ ಬಗ್ಗೆ ತನಗೇ ಜುಗುಪ್ಸೆ ಬರುವಂತೆ ಮೊದಲು ಕಲಿಸಬೇಕು. ಆಮೇಲೆ ಭಯವನ್ನು ಯಾರೂ ಹುಟ್ಟಿಸಬೇಕಾಗಿಲ್ಲ, ಅದು ತಾನಾಗಿ ಹುಟ್ಟುತ್ತದೆ. ಊಟದ ತಟ್ಟೆಯ ಮುಂದೆಯೂ ಹುಟ್ಟುತ್ತದೆ.

ಇಂಥ ಶಿಬಿರಗಳ ಕಲ್ಪನೆ ಲೇಖಕರದೇ ಅಲ್ಲ; ದೆವ್ವ ಮಾತ್ರ ಅವರದು. 1973ರಲ್ಲಿಯೇ ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಾನುರಾಗವನ್ನು ಮನೋರೋಗಗಳ ಪಟ್ಟಿಯಿಂದ ತೆಗೆಯಲು ನಿರ್ಧರಿಸಿತು. ವೈದ್ಯರು ಕೈಬಿಟ್ಟದ್ದನ್ನು ಕೆಲವು ಧಾರ್ಮಿಕ ಸಂಸ್ಥೆಗಳು ಕೈಗೆತ್ತಿಕೊಂಡವು. 1976ರಲ್ಲಿ ಆರಂಭವಾದ ಎಕ್ಸೊಡಸ್ ಇಂಟರ್‌ನ್ಯಾಶನಲ್ ಎಂಬ ಕ್ರೈಸ್ತ ಸಂಸ್ಥೆ ಅವುಗಳಲ್ಲಿ ದೊಡ್ಡದು. 2013ರಲ್ಲಿ ಅದರ ಅಧ್ಯಕ್ಷ ಅಲನ್ ಚೇಂಬರ್ಸ್, ತಮ್ಮ ಸಂಸ್ಥೆಯಿಂದ ನೊಂದವರ ಕ್ಷಮೆ ಕೇಳಿದರು, ಸಂಸ್ಥೆಯೇ ಮುಚ್ಚಿತು. ಮೂವತ್ತೇಳು ವರ್ಷಗಳ ಕಾಲ ಅಲ್ಲಿಗೆ ಬಂದವರಲ್ಲಿ ಎಷ್ಟೋ ಮಂದಿಯನ್ನು ಕರೆತಂದವರು ಅವರನ್ನು ಪ್ರೀತಿಸುತ್ತಿದ್ದವರೇ ಎಂಬುದನ್ನು ಮರೆಯಬಾರದು. ಕಾದಂಬರಿಯಲ್ಲಿಯೂ ರೋಸಳ ತಂದೆತಾಯಿಯರು ಕ್ರೂರಿಗಳಾಗಿ ಕಾಣುವುದಿಲ್ಲ. ಅವರು ಸೌಮ್ಯರು, ನಗುಮೊಗದವರು. ಓದುವವರ ಮೈ ನಡುಗುವುದು ಆ ಸೌಮ್ಯತೆಗೆ.

ಈ ಪುಸ್ತಕವನ್ನು ನನಗೆ ಕಳುಹಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಊರನ್ನಾಗಲಿ ಸಮುದಾಯವನ್ನಾಗಲಿ ಹೇಳುವುದಿಲ್ಲ. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ, ಸಂಜೆಯ ಪ್ರಾರ್ಥನೆಗೆ ಯಾರು ಬಂದರು ಯಾರು ಬರಲಿಲ್ಲ ಎಂಬುದು ಎಲ್ಲರಿಗೂ ತಿಳಿಯುವ ಊರು ಎಂದರೆ ಸಾಕು. ಅವಳು ಪದವಿಯ ಕೊನೆಯ ವರ್ಷದಲ್ಲಿದ್ದಾಗ ಅವಳ ತಾಯಿ ನನ್ನನ್ನು ಕಾಣಲು ಬಂದರು. ಮಗಳು ಮದುವೆ ಒಲ್ಲೆ ಅನ್ನುತ್ತಾಳೆ, ಗೆಳತಿಯೊಬ್ಬಳ ಜೊತೆ ಇರುತ್ತೇನೆ ಅನ್ನುತ್ತಾಳೆ ಎಂದು ಹೇಳುವಷ್ಟರಲ್ಲಿ ಅವರಿಗೆ ದುಃಖ ಉಕ್ಕಿಬಂತು. "ಮೇಡಮ್ರೀ, ನೀವಾದ್ರೂ ಒಂದ್ ಮಾತ ಹೇಳ್ರಿ. ನಿಮ್ಮ ಮಾತ ಕೇಳ್ತಾಳ" ಎಂದರು. ಅಷ್ಟರಲ್ಲಾಗಲೇ ಅವಳನ್ನು ಒಬ್ಬ ವೈದ್ಯರ ಬಳಿಗೆ ಕರೆದೊಯ್ದು ಮಾತ್ರೆ ಕೊಡಿಸಿದ್ದರು. ಅಲ್ಲಿಂದ ಗಾಳಿ ಸೋಂಕು ಬಿಡಿಸುವವರ ಬಳಿಗೂ ಕರೆದೊಯ್ದಿದ್ದರು. ಹುಡುಗಿಗೆ ಹೆಣ್ಣೊಂದು ಮೆಟ್ಟಿಕೊಂಡಿದೆ ಎಂದು ಅವರು ಹೇಳಿದ್ದರಂತೆ. ಅದನ್ನು ಕೇಳಿದ ರಾತ್ರಿಯಿಂದ ಹುಡುಗಿ ದೀಪ ಆರಿಸಿ ಮಲಗುತ್ತಿರಲಿಲ್ಲ. ಅಲ್ಲಿಯವರೆಗೆ ಅವಳಿಗೆ ಇದ್ದದ್ದು ಪ್ರೀತಿಯೊಂದೇ, ದೆವ್ವವಲ್ಲ.

ನಾನು ಆ ತಾಯಿಗೆ ಹೇಳಿದ್ದು ಸ್ವಲ್ಪವೇ. "ನಿಮ್ಮ ಮಗಳಿಗೆ ರೋಗವಿಲ್ಲವಮ್ಮ. ಊಟ ಮಾಡುತ್ತಾಳೆಯೇ, ನಿದ್ದೆ ಮಾಡುತ್ತಾಳೆಯೇ, ಅದನ್ನು ನೋಡಿಕೊಳ್ಳಿ. ಇನ್ನೆಲ್ಲಿಗೂ ಕರೆದುಕೊಂಡು ಹೋಗಬೇಡಿ" ಎಂದೆ. ಅವರು ಒಪ್ಪಿದರೋ ಇಲ್ಲವೋ ಆಗ ತಿಳಿಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಮಂದಿ ಏನಂತಾರ್ರೀ" ಎಂದು ಎದ್ದುಹೋದರು. ನನಗೆ ಜನ್ನನ ಚಂದ್ರಮತಿ ನೆನಪಾದಳು. 1209ರಲ್ಲಿ ರಚಿತವಾದ 'ಯಶೋಧರ ಚರಿತೆ'ಯಲ್ಲಿ ಮಗ ಹೇಳಿದ ಕನಸಿನ ಮಾತಿಗೆ ಹೆದರಿ, ಶಾಂತಿಗಾಗಿ ಬಲಿ ಕೊಡೆಂದು ಹಠ ಹಿಡಿಯುವವಳು ಆ ತಾಯಿ. ಜೀವಬಲಿಗೆ ಒಪ್ಪದ ಮಗ ಕಡೆಗೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಅಲ್ಲಿ ಸತ್ತದ್ದು ಹಿಟ್ಟು. ಆದರೂ ಸಂಕಲ್ಪದ ಹಿಂಸೆಗಾಗಿ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರ ತೊಳಲುತ್ತಾರೆ. ಬಲಿಯನ್ನು ಕೇಳಿಸಿದ್ದು ತಾಯಿಯ ಪ್ರೀತಿಯೇ, ಭಯ ಹೊಕ್ಕ ಪ್ರೀತಿ. ಮೈಮೇಲೆ ಗಾಯ ಕಾಣುವುದಿಲ್ಲ ಎಂದ ಮಾತ್ರಕ್ಕೆ ಹಿಂಸೆ ನಡೆದಿಲ್ಲವೆಂದು ಹೇಳಲಾಗದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಈಚೆಗೆ ಸ್ಪಷ್ಟವಾಗಿದೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆನಂದ ವೆಂಕಟೇಶ್ ಅವರು, ಚಿಕಿತ್ಸೆಯ ಹೆಸರಿನಲ್ಲಿ ಇಂಥವರನ್ನು ಬದಲಾಯಿಸಲು ಹೊರಡುವುದನ್ನು ನಿಷೇಧಿಸಬೇಕೆಂದರು. ಅದನ್ನು ಅನುಸರಿಸಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂಥ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆಯೆಂದು ಸಾರಿತು. ಕಾನೂನು ವೈದ್ಯರ ಕೈಯನ್ನು ಹಿಡಿಯಬಲ್ಲದು. ಊರಿನ ಕಣ್ಣನ್ನು ಹಿಡಿಯುವುದು ಅದಕ್ಕೆ ಕಷ್ಟ. ಆ ಕೆಲಸ ಧರ್ಮದ್ದು, ಸಾಹಿತ್ಯದ್ದು.

ಧರ್ಮವೆಂದಾಗ ನಾನು ಓದಿಕೊಂಡ ಗ್ರಂಥಗಳ ಕಡೆಗೆ ತಿರುಗಲೇಬೇಕು. ಜೈನ ಕರ್ಮಸಿದ್ಧಾಂತದಲ್ಲಿ ಚಾರಿತ್ರಮೋಹನೀಯದ ಭಾಗವಾಗಿ ಒಂಬತ್ತು ನೋಕಷಾಯಗಳನ್ನು ಹೇಳಿದೆ: ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ, ಸ್ತ್ರೀವೇದ, ಪುಂವೇದ, ನಪುಂಸಕವೇದ. ಇಲ್ಲಿ ವೇದವೆಂದರೆ ಕಾಮವಾಸನೆ. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಬಯಕೆಯ ಮೂರು ಬಗೆಗಳೂ, ಭಯವೂ, ಜುಗುಪ್ಸೆಯೂ ಒಂದೇ ಸಾಲಿನಲ್ಲಿ ಕುಳಿತಿವೆ. ಚಾವುಂಡರಾಯನ ಕಾಲದವರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದ 'ಗೊಮ್ಮಟಸಾರ'ದಲ್ಲಿ ದ್ರವ್ಯವೇದ, ಭಾವವೇದ ಎಂಬ ಭೇದವನ್ನು ಹೇಳುತ್ತಾರೆ. ದ್ರವ್ಯವೇದವೆಂದರೆ ದೇಹದ ಲಿಂಗ; ಭಾವವೇದವೆಂದರೆ ಮನಸ್ಸಿನ ಒಲವು. ಇವೆರಡೂ ಸಾಮಾನ್ಯವಾಗಿ ಒಂದಕ್ಕೊಂದು ಹೊಂದುತ್ತವೆ, ಕೆಲವರಲ್ಲಿ ಹೊಂದದೆಯೂ ಇರಬಹುದು ಎಂಬುದು ಅವರ ನಿಲುವು. ಮೂರು ವೇದಗಳಿಗೂ ಬೆಂಕಿಯ ಉಪಮೆಗಳಿವೆ: ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆಯ ಆವಿಗೆಯ ಬೆಂಕಿ. ಒಂದು ಬೇಗ ಹತ್ತಿ ಆರುತ್ತದೆ, ಒಂದು ಒಳಗೊಳಗೇ ಕಾಯುತ್ತದೆ, ಇನ್ನೊಂದು ಬಹುಕಾಲ ಉರಿಯುತ್ತದೆ. ಆದರೆ ಮೂರೂ ಬೆಂಕಿಯೇ.

ಇದನ್ನು ಇಂದಿನ ಉದಾರವಾದವೆಂದು ಬಣ್ಣಿಸುವುದು ಪ್ರಾಮಾಣಿಕತೆಯಾಗದು. ಆ ಆಚಾರ್ಯರ ಗುರಿ ಬಯಕೆಯ ಗೌರವವಲ್ಲ, ಬಯಕೆಯ ಕ್ಷಯ. ನಪುಂಸಕರೆನಿಸಿದವರಿಗೆ ದೀಕ್ಷೆಯನ್ನು ನಿರಾಕರಿಸುವ ನಿಯಮಗಳೂ ಪರಂಪರೆಯಲ್ಲಿವೆ. ಆದರೂ ಎರಡು ಸಂಗತಿಗಳು ಉಳಿಯುತ್ತವೆ. ದೇಹ ಒಂದು, ಒಲವು ಇನ್ನೊಂದು ಆಗಿರುವವರು ಉಂಟೆಂಬುದನ್ನು ಸಾವಿರ ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ಕುಳಿತು ಬರೆದಿಟ್ಟರು. ಅದಕ್ಕೆ ದೆವ್ವವನ್ನು ಕಾರಣವಾಗಿ ಹೇಳಲಿಲ್ಲ. ಎರಡನೆಯದು, ಕರ್ಮದ ಲೆಕ್ಕದಲ್ಲಿ ಮಗಳ ಒಲವು ಮೋಹನೀಯವಾದರೆ ಅವಳನ್ನು ಕಂಡು ಊರು ಪಡುವ ಜುಗುಪ್ಸೆಯೂ ಮೋಹನೀಯವೇ. ಮೊದಲನೆಯದಕ್ಕೆ ಮಾತ್ರ ಚಿಕಿತ್ಸೆ ಬೇಕು, ಎರಡನೆಯದು ಧರ್ಮರಕ್ಷಣೆ ಎನ್ನುವುದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಎಂದರೆ ಹೇಸಿಕೆಯಿಲ್ಲದಿರುವುದು. ಇದಕ್ಕೆ ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ನಿದರ್ಶನವಾಗಿ ಬರುವವನು ಉದ್ದಾಯನ. ಅವನ ಕಥೆಯನ್ನು ನಯಸೇನನೂ 1112ರ 'ಧರ್ಮಾಮೃತ'ದಲ್ಲಿ ಕನ್ನಡದಲ್ಲಿ ಹೇಳಿದ್ದಾನೆ. ದೇವನೊಬ್ಬ ಕುಷ್ಠದಿಂದ ಕೊಳೆತ ಮುನಿಯ ರೂಪದಲ್ಲಿ ಬಂದು ಆಹಾರ ಸ್ವೀಕರಿಸಿ ಅರಸ ಅರಸಿಯರ ಮೇಲೆಯೇ ವಾಂತಿ ಮಾಡುತ್ತಾನೆ. ಉದ್ದಾಯನ ಹಿಂದೆ ಸರಿಯುವುದಿಲ್ಲ. ತಾನು ಬಡಿಸಿದ ಊಟವೇ ಒಗ್ಗಲಿಲ್ಲವೇನೋ ಎಂದು ಮರುಗಿ, ಕೈಯಾರೆ ತೊಳೆದು ಉಪಚರಿಸುತ್ತಾನೆ. ನೆವರ್ಟನ್ ಊರಿನ ಊಟದ ಮೇಜಿನಲ್ಲಿ ಹುಳುಗಳನ್ನು ಕಾರಿದ ಮಗಳ ಎದುರಿಗೆ ಕುಳಿತ ತಂದೆತಾಯಿಯರನ್ನೂ ಈ ಅರಸನನ್ನೂ ಒಟ್ಟಿಗೆ ನೆನೆದರೆ, ಧಾರ್ಮಿಕತೆಯ ಎರಡು ದಾರಿಗಳು ಎಲ್ಲಿ ಕವಲೊಡೆಯುತ್ತವೆಂಬುದು ಕಾಣುತ್ತದೆ. ಅದೇ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು: ದಾರಿ ತಪ್ಪುತ್ತಿರುವವರನ್ನು ಮತ್ತೆ ನೆಲೆಗೊಳಿಸುವುದು. ಎಲ್ಲ ಶಿಬಿರಗಳೂ ಹಿಡಿಯುವ ಗುರಾಣಿ ಈ ಬಗೆಯದೇ. ಆದರೆ ಸ್ಥಿತಿಕರಣದ ನಂತರ ಬರುವುದು ವಾತ್ಸಲ್ಯ, ಅದಕ್ಕಿಂತ ಮೊದಲೇ ಬಂದಿರುವುದು ನಿರ್ವಿಚಿಕಿತ್ಸೆ. ಹೇಸಿಕೊಂಡ ಕೈಯಿಂದ ಯಾರನ್ನೂ ಎತ್ತಿ ನಿಲ್ಲಿಸಲಾಗದೆಂಬುದು ಈ ಅನುಕ್ರಮದ ಇಂಗಿತವೆಂದು ನಾನು ತಿಳಿಯುತ್ತೇನೆ.

ಕಾದಂಬರಿಯಾಗಿ 'ಕ್ಯಾಂಪ್ ಡಮಾಸ್ಕಸ್' ಪರಿಪೂರ್ಣವಲ್ಲ. ಮೊದಲರ್ಧದಲ್ಲಿ ಮನೆಯೊಳಗೆ ಹಬ್ಬುವ ಭಯಕ್ಕೆ ಇರುವ ಸಾಂದ್ರತೆ, ಉತ್ತರಾರ್ಧದ ಹೋರಾಟದಲ್ಲಿ ತೆಳುವಾಗುತ್ತದೆ. ಖಳರು ಖಳರೇ ಆಗಿ ಉಳಿಯುತ್ತಾರೆ. ಹಾಥಾರ್ನ್‌ನ ಸಂದೇಹವಾಗಲಿ ಲೆ ಫಾನುವಿನ ಕೊನೆಯ ಹೆಜ್ಜೆಸಪ್ಪಳವಾಗಲಿ ಇಲ್ಲಿಲ್ಲ. ಆದರೆ ಸಾಹಿತ್ಯದಲ್ಲಿ ತಿರುಗಿಸಿ ಹೇಳುವುದಕ್ಕೂ ಒಂದು ಬೆಲೆಯಿದೆ. ನೂರೈವತ್ತು ವರ್ಷ ಪಿಶಾಚಿಯ ಪಾತ್ರವನ್ನೇ ವಹಿಸಿದವಳಿಗೆ ಇಲ್ಲಿ ಕಥೆ ಹೇಳುವ ಬಾಯಿ ಸಿಕ್ಕಿದೆ. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಆ ಕೆಲಸವನ್ನು ವಾಸ್ತವಮಾರ್ಗದಲ್ಲಿ ಮಾಡಿತು. ಭಯಾನಕದ ಮಾರ್ಗದಲ್ಲಿಯೂ ಇಂಥದೊಂದು ಕೃತಿಯನ್ನು ಬರೆಯಲು ಬೇಕಾದ ಸಾಮಗ್ರಿ ನಮ್ಮ ಊರುಗಳಲ್ಲಿ, ಗಾಳಿ ಬಿಡಿಸುವ ಕಟ್ಟೆಗಳಲ್ಲಿ, ಬಾಗಿಲು ಮುಚ್ಚಿದ ಪಡಸಾಲೆಗಳಲ್ಲಿ ಬೇಕಾದಷ್ಟಿದೆ.

ಆ ಹುಡುಗಿ ಈಗ ದೂರದ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ತಾಯಿ ವರ್ಷಕ್ಕೊಮ್ಮೆ ಹೋಗಿ ಹದಿನೈದು ದಿನ ಇದ್ದು ಬರುತ್ತಾರಂತೆ; ಮನೆಯಲ್ಲಿರುವ ಇನ್ನೊಬ್ಬ ಹುಡುಗಿಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಮೊದಲ ವರ್ಷ ಸುಮ್ಮನಿದ್ದರಂತೆ, ಈಗ 'ತಂಗೀ' ಅನ್ನುತ್ತಾರಂತೆ. ಊರಿನವರಿಗೆ ಏನು ಹೇಳಿದ್ದಾರೋ ನಾನು ವಿಚಾರಿಸಿಲ್ಲ. ಸಣ್ಣ ಸಮುದಾಯಗಳಿಗೆ ತಮ್ಮ ಉಳಿವಿನ ಚಿಂತೆ ಇರುವುದು ಸಹಜ, ನನ್ನ ಸಮುದಾಯವೂ ಸಣ್ಣದೇ. ಮಕ್ಕಳು ಕೈತಪ್ಪಿದರೆ ಬಸದಿಯ ದೀಪಕ್ಕೆ ಎಣ್ಣೆ ಹಾಕುವವರು ಯಾರೆಂಬ ಅಳುಕನ್ನು ನಾನೂ ಬಲ್ಲೆ. ಆದರೆ ಮಕ್ಕಳು ಊರು ಬಿಡುವುದು ಒಲವಿನಿಂದಲ್ಲ, ತಮ್ಮನ್ನು ಕಂಡು ತಮ್ಮವರೇ ಹೇಸಿಕೊಂಡಾಗ. ಮುಂದಿನ ವರ್ಷ ರಸಪ್ರಕರಣದ ಪಾಠಕ್ಕೆ ಬಂದಾಗ, ಬೀಭತ್ಸದಿಂದ ಭಯಾನಕ ಹೇಗೆ ಹುಟ್ಟುತ್ತದೆಂದು ಯಾರಾದರೂ ಎದ್ದು ಕೇಳಿದರೆ, ಸ್ಮಶಾನದ ಜೊತೆಗೆ ಒಂದು ಊಟದ ಮನೆಯ ಉದಾಹರಣೆಯನ್ನೂ ಕೊಡಬೇಕೆಂದಿದ್ದೇನೆ. ಕೇಳುತ್ತ ಕುಳಿತವರಲ್ಲಿ ಒಬ್ಬರಿಗಾದರೂ ಅದರ ಅಗತ್ಯವಿರುತ್ತದೆ.